50 ಜನರ ಊರಿಗೆ 700 ಮೀಟರ್ ಗೋಡೆ ಯಾಕೆ ಬಂತು?

ನವೆಂಬರ್ 9 ಬಂತೆಂದರೆ ಬರ್ಲಿನ್ ಗೋಡೆಯ ಫೋಟೊಗಳು ಮತ್ತೆ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತವೆ. ಗೋಡೆ ಹತ್ತಿ ನಿಂತ ಹುಡುಗರು, ಸುತ್ತಿಗೆ ಹಿಡಿದ ಜನ, ತಬ್ಬಿಕೊಂಡು ಅಳುವವರು. ಅವನ್ನೇ ನೋಡಿ ನೋಡಿ ನಮಗೆ ಒಂದು ನಂಬಿಕೆ ಬಂದುಬಿಟ್ಟಿದೆ. ಜರ್ಮನಿಯನ್ನು ಎರಡು ಮಾಡಿದ್ದು ಬರ್ಲಿನ್ ಗೋಡೆ, ಅದು ಬಿದ್ದ ಮೇಲೆ ದೇಶ ಒಂದಾಯಿತು, ಅಷ್ಟೇ ಕಥೆ ಅಂತ.

ಬರ್ಲಿನ್ ಗೋಡೆ ಸುತ್ತಿದ್ದು ಒಂದು ನಗರದ ಅರ್ಧ ಭಾಗವನ್ನು. ದೇಶವನ್ನು ಸೀಳಿದ್ದು ಬೇರೆಯೇ ಗಡಿ. ಉತ್ತರದ ಬಾಲ್ಟಿಕ್ ಸಮುದ್ರದಿಂದ ದಕ್ಷಿಣದಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಅಂಚಿನವರೆಗೆ ಸುಮಾರು 1,393 ಕಿಲೋಮೀಟರ್ ಉದ್ದ. ಅದು ಹೊಲಗಳ ಮಧ್ಯೆ, ಕಾಡಿನ ಒಳಗೆ, ಕೆಲವೊಮ್ಮೆ ಊರ ನಡುವೆಯೇ ಹಾದು ಹೋಗಿತ್ತು.

ಅಂಥ ಒಂದು ಊರು ಮೊಡ್ಲಾರಾಯ್ಟ್. ಸುಮಾರು 50 ಜನ, ಕೆಲವೇ ಮನೆ, ಒಂದು ಹಳ್ಳ. ಬರ್ಲಿನ್‌ನಲ್ಲಿ ಏನಾಯಿತು ಅಂತ ತಿಳಿಯಲು ದೊಡ್ಡ ದೊಡ್ಡ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲಿ ಆ ಹಳ್ಳವೊಂದನ್ನು ಕಣ್ಣಮುಂದೆ ಇಟ್ಟುಕೊಂಡರೆ ಸಾಕು.

## ಊರು ಎಲ್ಲಿದೆ?

ಜರ್ಮನಿಯಲ್ಲೂ ನಮ್ಮ ಹಾಗೆಯೇ ರಾಜ್ಯಗಳಿವೆ, ಒಟ್ಟು 16. ಅವುಗಳಲ್ಲಿ ಎರಡು ಈ ಕಥೆಗೆ ಬೇಕು. ಒಂದು ಬವೇರಿಯಾ, ಮ್ಯೂನಿಕ್ ಇರುವ ದೊಡ್ಡ ರಾಜ್ಯ. ಇನ್ನೊಂದು ಅದರ ಉತ್ತರಕ್ಕೆ ಅಂಟಿಕೊಂಡಿರುವ ಥುರಿಂಗಿಯಾ. ಇವೆರಡೂ ಕೂಡುವ ಕಡೆ, ಹೋಫ್ ಎಂಬ ಪಟ್ಟಣದ ಹತ್ತಿರ, ಮೊಡ್ಲಾರಾಯ್ಟ್ ಇದೆ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಕಾರಿನಲ್ಲಿ ಹೋಗುವ ಕನ್ನಡಿಗರು ಎ9 ಹೆದ್ದಾರಿ ಹಿಡಿದಿರುತ್ತಾರೆ. ಆ ಹೆದ್ದಾರಿ ಈ ಊರಿನಿಂದ ಸ್ವಲ್ಪ ದೂರದಲ್ಲೇ ಹೋಗುತ್ತದೆ.

ಊರಿನ ಹೆಸರಿನ ಕೊನೆಗೆ ಇರುವ 'ರಾಯ್ಟ್' ಅಂದರೆ ಕಾಡು ಕಡಿದು ಬೇಸಾಯಕ್ಕೆ ಹಸನು ಮಾಡಿದ ಜಾಗ. ನಮ್ಮಲ್ಲಿ ಹಳ್ಳಿ, ಪಾಳ್ಯ, ಸಂದ್ರ ಅಂತ ಊರ ಹೆಸರು ಮುಗಿಯುವ ಹಾಗೆ ಆ ಸೀಮೆಯಲ್ಲಿ ಎಷ್ಟೋ ಊರುಗಳು 'ರಾಯ್ಟ್' ಅಂತ ಮುಗಿಯುತ್ತವೆ. ಬೈರಾಯ್ಟ್ ಅವುಗಳಲ್ಲಿ ಹೆಸರಾದದ್ದು.

ಊರ ನಡುವೆ ಹರಿಯುವ ನೀರಿನ ಹೆಸರು ಟಾನ್‌ಬಾಖ್. 'ಬಾಖ್' ಅಂದರೆ ಹಳ್ಳ. ಇದನ್ನು ನದಿ ಅಂತ ಕರೆಯಲು ಆಗುವುದೇ ಇಲ್ಲ. ಅಗಲವಾಗಿ ಹೆಜ್ಜೆ ಹಾಕಿದರೆ ದಾಟಬಹುದಾದಷ್ಟು ಕಿರಿದು. ಹಳ್ಳದ ಒಂದು ದಡ ಬವೇರಿಯಾ, ಇನ್ನೊಂದು ದಡ ಥುರಿಂಗಿಯಾ.

## ಹಳ್ಳವೇ ಗಡಿ ಆಗಿದ್ದು ಹೇಗೆ?

ಈ ಗೆರೆಯನ್ನು ಹಾಕಿದ್ದು ಎರಡನೇ ಮಹಾಯುದ್ಧ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗೆರೆ ಅದಕ್ಕಿಂತ ತುಂಬಾ ಹಳೆಯದು.

ಜರ್ಮನಿ ಅನ್ನುವ ಒಂದೇ ದೇಶ ಹುಟ್ಟಿದ್ದು 1871ರಲ್ಲಿ. ಅದಕ್ಕೆ ಮೊದಲು ಅಲ್ಲಿ ಇದ್ದದ್ದು ಸಂಸ್ಥಾನಗಳು. ನಮ್ಮಲ್ಲಿ ಮೈಸೂರಿನಂಥ ದೊಡ್ಡ ಸಂಸ್ಥಾನದ ಜೊತೆಗೆ ಸಂಡೂರು, ಜಮಖಂಡಿ, ಮುಧೋಳದಂಥ ಪುಟ್ಟ ಸಂಸ್ಥಾನಗಳೂ ಇದ್ದವಲ್ಲ, ಹಾಗೆಯೇ. ಟಾನ್‌ಬಾಖ್‌ನ ಒಂದು ದಡ ಬೈರಾಯ್ಟ್ ಸಂಸ್ಥಾನದ್ದು. ಇನ್ನೊಂದು ದಡ ರಾಯ್ಸ್ ಎಂಬ ಮನೆತನದ್ದು. ಈ ರಾಯ್ಸ್ ಮನೆತನದಲ್ಲಿ ಒಂದು ವಿಶೇಷವಿತ್ತು. ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಅಂತಲೇ ಹೆಸರು. ಯಾರು ಯಾರು ಅಂತ ಗೊತ್ತಾಗಲು ಹೆಸರಿನ ಮುಂದೆ ನಂಬರು ಹಾಕುತ್ತಿದ್ದರು.

ಬೈರಾಯ್ಟ್ ಸಂಸ್ಥಾನ ಕೈಯಿಂದ ಕೈಗೆ ಹೋಯಿತು. 18ನೇ ಶತಮಾನದ ಕೊನೆಯಲ್ಲಿ ಪ್ರಷ್ಯಾದ ಪಾಲಾಯಿತು. 1806ರಲ್ಲಿ ಪ್ರಷ್ಯಾ ನೆಪೋಲಿಯನ್ ಎದುರು ಸೋತಾಗ ಫ್ರೆಂಚರ ವಶವಾಯಿತು. 1810ರಲ್ಲಿ ನೆಪೋಲಿಯನ್ ಅದನ್ನು ಬವೇರಿಯಾದ ರಾಜನಿಗೆ ಮಾರಿದ. ಹೊಲ ಮಾರಿದ ಹಾಗೆ ನಾಡನ್ನೇ ಮಾರಿದ್ದು ಅದು.

ಜಮೀನು ಕೈ ಬದಲಾದರೆ ಮೊದಲು ಏನು ಮಾಡುತ್ತೇವೆ? ಸರ್ವೆ ಮಾಡಿಸಿ ಬಾಂದು ಕಲ್ಲು ಹಾಕಿಸುತ್ತೇವೆ. ಬವೇರಿಯಾ ಮಾಡಿದ್ದೂ ಅದನ್ನೇ. 1810ರಲ್ಲಿ ಟಾನ್‌ಬಾಖ್ ಉದ್ದಕ್ಕೂ ಹೊಸ ಕಲ್ಲು ನೆಟ್ಟರು. ಕಲ್ಲಿನ ಒಂದು ಮುಖದಲ್ಲಿ 'ಕೆ.ಬಿ.' ಅಂತ ಎರಡು ಅಕ್ಷರ. ಅದು ಬವೇರಿಯಾ ರಾಜ್ಯ ಅನ್ನುವುದರ ಜರ್ಮನ್ ಗುರುತು. ಇನ್ನೊಂದು ಮುಖದಲ್ಲಿ 'ಎಫ್.ಆರ್.', ಅಂದರೆ ರಾಯ್ಸ್ ಸಂಸ್ಥಾನ. ಈ ಕಲ್ಲುಗಳು ಇಂದಿಗೂ ಅಲ್ಲಿವೆ.

1918ರಲ್ಲಿ ಜರ್ಮನಿಯ ರಾಜರೆಲ್ಲ ಗದ್ದುಗೆಯಿಂದ ಇಳಿದರು. 1920ರಲ್ಲಿ ರಾಯ್ಸ್ ನಾಡು ಸುತ್ತಮುತ್ತಲ ಬೇರೆ ಸಂಸ್ಥಾನಗಳ ಜೊತೆ ಸೇರಿ ಥುರಿಂಗಿಯಾ ರಾಜ್ಯವಾಯಿತು. ರಾಜರು ಹೋದರು, ಹೆಸರು ಬದಲಾಯಿತು, ಹಳ್ಳದ ಗೆರೆ ಮಾತ್ರ ಇದ್ದಲ್ಲೇ ಇತ್ತು.

## ಗೆರೆ ಇದ್ದರೂ ಊರು ಒಂದೇ

ಈ ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಈ ಭಾಗ. 1810ರಿಂದ 1945ರವರೆಗೆ, ಅಂದರೆ 135 ವರ್ಷ, ಊರ ನಡುವೆ ಗಡಿ ಇತ್ತು. ಆದರೆ ಊರಿನವರಿಗೆ ಅದರಿಂದ ತೊಂದರೆ ಆಗಲಿಲ್ಲ.

ಶಾಲೆ ಥುರಿಂಗಿಯಾ ದಡದಲ್ಲಿತ್ತು. ಊಟ, ಬಿಯರು, ಹರಟೆಗೆ ಸೇರುವ ಹೋಟೆಲೂ ಅದೇ ದಡದಲ್ಲಿ. ಚರ್ಚಿಗೆ ಹೋಗಬೇಕಾದರೆ ಎರಡೂ ದಡದವರು ಬವೇರಿಯಾ ಕಡೆಯ ಟೋಪನ್ ಎಂಬ ಊರಿಗೆ ನಡೆಯುತ್ತಿದ್ದರು. ಮಕ್ಕಳು ಬೆಳಗ್ಗೆ ಹಳ್ಳ ದಾಟಿ ಆಚೆ ರಾಜ್ಯದ ಶಾಲೆಗೆ ಹೋಗುವುದು, ಭಾನುವಾರ ಅಜ್ಜ ಅಜ್ಜಿಯರು ಹಳ್ಳ ದಾಟಿ ಈಚೆ ರಾಜ್ಯದ ಚರ್ಚಿಗೆ ಬರುವುದು. ಹೆಣ್ಣು ಕೊಟ್ಟು ತರುವುದು, ಹೊಲ ಗದ್ದೆ ವ್ಯವಹಾರ, ಎಲ್ಲವೂ ಅತ್ತಿತ್ತ. ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ.

ನಮ್ಮ ಹೊಲಗಳ ನಡುವಿನ ಬದುವಿನ ಹಾಗೆ ಅದು. ಇಲ್ಲಿಗೆ ನನ್ನದು, ಅಲ್ಲಿಂದ ನಿನ್ನದು ಅಂತ ಬದು ಹೇಳುತ್ತದೆ. ಆದರೆ ಅದೇ ಬದುವಿನ ಮೇಲೆ ಕೂತು ಇಬ್ಬರೂ ಬುತ್ತಿ ಬಿಚ್ಚುತ್ತಾರೆ, ಅಲ್ವಾ?

## ಆ ಬದು ದೇಶದ ಗಡಿ ಆಗಿದ್ದು

ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಸೆಪ್ಟೆಂಬರ್‌ನಲ್ಲಿ, ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟದ ಪ್ರತಿನಿಧಿಗಳು ಲಂಡನ್ನಿನಲ್ಲಿ ಒಂದು ಒಪ್ಪಂದ ಮಾಡಿಕೊಂಡರು. ಜರ್ಮನಿ ಸೋತ ಮೇಲೆ ಯಾವ ಭಾಗವನ್ನು ಯಾರ ಸೈನ್ಯ ನೋಡಿಕೊಳ್ಳಬೇಕು ಅನ್ನುವುದು ಅದರ ವಿಷಯ. ಇಂಥ ಒಂದೊಂದು ಭಾಗಕ್ಕೂ 'ವಲಯ' ಅಂತ ಹೆಸರು. ಆಮೇಲೆ ಫ್ರಾನ್ಸ್‌ಗೂ ಒಂದು ವಲಯ ಸಿಕ್ಕಿತು.

ಹೊಸದಾಗಿ ಗೆರೆ ಎಳೆಯುವ ಗೋಜಿಗೆ ಅವರು ಹೋಗಲಿಲ್ಲ. ನಕಾಶೆಯಲ್ಲಿ ಮೊದಲೇ ಇದ್ದ ರಾಜ್ಯಗಳ ಗಡಿಗಳನ್ನೇ ಹೆಚ್ಚುಕಡಿಮೆ ಹಿಡಿದರು. ಬವೇರಿಯಾ ಅಮೆರಿಕಕ್ಕೆ, ಥುರಿಂಗಿಯಾ ಸೋವಿಯತ್‌ಗೆ. ಕೋಣೆಯಲ್ಲಿ ಕೂತು ನಕಾಶೆ ನೋಡುವವರಿಗೆ ಅದು ಸಲೀಸಾದ ಕೆಲಸ. ಆ ಗೆರೆ ಒಂದು ಊರಿನ ಶಾಲೆಯನ್ನು ಒಂದು ಕಡೆ, ಚರ್ಚಿನ ದಾರಿಯನ್ನು ಇನ್ನೊಂದು ಕಡೆ ಬಿಡುತ್ತದೆ ಅನ್ನುವುದು ನಕಾಶೆಯಲ್ಲಿ ಕಾಣುವುದಿಲ್ಲ.

1945ರ ಏಪ್ರಿಲ್ ಹೊತ್ತಿಗೆ ಅಮೆರಿಕದ ಸೈನಿಕರು ಈ ಸೀಮೆಗೆ ಬಂದರು. ಜುಲೈ ಮೊದಲ ವಾರದಲ್ಲಿ ಒಪ್ಪಂದದ ಪ್ರಕಾರ ಥುರಿಂಗಿಯಾ ಬಿಟ್ಟುಕೊಟ್ಟರು. ಅಲ್ಲಿಗೆ ಸೋವಿಯತ್ ಸೈನ್ಯ ಬಂತು. 1949ರಲ್ಲಿ ಎರಡು ಬೇರೆ ದೇಶಗಳೇ ಹುಟ್ಟಿದವು. ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ, ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿ. ಟಾನ್‌ಬಾಖ್ ಈಗ ದೇಶಗಳ ನಡುವಿನ ಗಡಿ.

ಆಗಲೂ ಊರು ತಕ್ಷಣ ಒಡೆಯಲಿಲ್ಲ. ಪಾಸ್ ತೋರಿಸಿ ಹಳ್ಳ ದಾಟಬಹುದಿತ್ತು. ಕಾವಲು ಇತ್ತು, ಕಿರಿಕಿರಿ ಇತ್ತು. ಆದರೂ ಆಚೆ ದಡಕ್ಕೆ ಹೋಗಿ ಬರುವುದು ನಡೆದೇ ಇತ್ತು. ಎಲ್ಲ ನಿಂತಿದ್ದು 1952ರಲ್ಲಿ.

## 1952ರಲ್ಲಿ ಏನಾಯಿತು?

ಪೂರ್ವ ಜರ್ಮನಿಯಿಂದ ಜನ ಪಶ್ಚಿಮಕ್ಕೆ ಹೊರಟುಹೋಗುತ್ತಿದ್ದರು. ಒಬ್ಬಿಬ್ಬರಲ್ಲ. 1949ರಿಂದ 1961ರವರೆಗೆ ಸುಮಾರು 27 ಲಕ್ಷ ಜನ ಹೋದರು. ಅವರಲ್ಲಿ ಡಾಕ್ಟರುಗಳು, ಎಂಜಿನಿಯರುಗಳು, ಹೊಲ ಬಿಟ್ಟ ರೈತರು, ಓದಿದ ಹುಡುಗರು ಎಲ್ಲ ಇದ್ದರು. ದುಡಿಯುವ ವಯಸ್ಸಿನವರೇ ಹೋದರೆ ದೇಶ ನಡೆಯುವುದಾದರೂ ಹೇಗೆ? ಹೊರಗಿನ ಶತ್ರುಗಳಿಂದ ರಕ್ಷಣೆ ಅಂತ ಸರ್ಕಾರ ಹೇಳಿತು. ಆದರೆ ಬೇಲಿಯ ಕೆಲಸ ಒಳಗಿನವರನ್ನು ಹೊರಗೆ ಬಿಡದೆ ಇರುವುದಾಗಿತ್ತು. ಅದನ್ನು ಕಟ್ಟಿದ ರೀತಿ ನೋಡಿದರೆ ಸಾಕು, ತಡೆಗಳೆಲ್ಲ ಪೂರ್ವದ ಕಡೆಯಿಂದ ಬರುವವರಿಗಾಗಿಯೇ ಇದ್ದವು.

1952ರ ಮೇ 26ರಂದು ಪೂರ್ವ ಜರ್ಮನಿ ಒಂದು ಆದೇಶ ಹೊರಡಿಸಿತು. ಗಡಿಯ ಉದ್ದಕ್ಕೂ ಮೂರು ಪಟ್ಟಿ. ಗಡಿಗೆ ತಾಗಿದ 10 ಮೀಟರ್ ನೆಲದಲ್ಲಿ ಗಿಡ ಮರ ಎಲ್ಲ ಕಿತ್ತು ಹಾಕಿ ಉಳುವುದು. ಅಲ್ಲಿ ಯಾರೂ ಕಾಲಿಡುವಂತಿಲ್ಲ. ಅದರ ಹಿಂದೆ 500 ಮೀಟರ್ ರಕ್ಷಣಾ ಪಟ್ಟಿ. ಅಲ್ಲಿರುವವರು ಸೂರ್ಯ ಹುಟ್ಟಿದ ಮೇಲೆ ಹೊಲಕ್ಕೆ ಹೋಗಿ ಮುಳುಗುವ ಮೊದಲು ಮನೆ ಸೇರಬೇಕು. ಅದರ ಹಿಂದೆ 5 ಕಿಲೋಮೀಟರ್‌ವರೆಗೆ ನಿರ್ಬಂಧಿತ ವಲಯ. ಒಳಗೆ ಬರಲು ಯಾರಿಗೇ ಆಗಲಿ ಪಾಸ್ ಬೇಕು.

ಮೊಡ್ಲಾರಾಯ್ಟ್‌ನ ಪೂರ್ವ ಭಾಗ ಪೂರ್ತಿಯಾಗಿ 500 ಮೀಟರ್ ಒಳಗೇ ಬಂತು.

ಆದೇಶದ ಬೆನ್ನಿಗೇ ಇನ್ನೊಂದು ಕೆಲಸ ನಡೆಯಿತು. ಗಡಿ ಊರುಗಳಲ್ಲಿ ಸರ್ಕಾರಕ್ಕೆ ನಂಬಿಕೆ ಇಲ್ಲದವರ ಪಟ್ಟಿ ಮಾಡಿ, ಅವರನ್ನು ಮನೆ ಬಿಡಿಸಿ ದೇಶದ ಒಳಭಾಗಕ್ಕೆ ಸಾಗಿಸಿದರು. ಇಡೀ ಗಡಿಯ ಉದ್ದಕ್ಕೂ 8,000ಕ್ಕೂ ಹೆಚ್ಚು ಜನ ಹೀಗೆ ನೆಲೆ ಕಳೆದುಕೊಂಡರು. ಪಶ್ಚಿಮದ ನೆಂಟರ ಜೊತೆ ಒಡನಾಟ ಇದ್ದರೂ ಸಾಕಿತ್ತು, ಪಟ್ಟಿಗೆ ಹೆಸರು ಬೀಳುತ್ತಿತ್ತು. ಥುರಿಂಗಿಯಾದ ಅಧಿಕಾರಿಗಳ ಕಾಗದದಲ್ಲಿ ಈ ಕಾರ್ಯಾಚರಣೆಗೆ ಇರುವ ಹೆಸರು 'ಉಂಗೆಟ್ಸೀಫರ್'. ಕನ್ನಡದಲ್ಲಿ ಹೇಳಬೇಕೆಂದರೆ ಹುಳಹುಪ್ಪಟೆ. ತಮ್ಮದೇ ಊರಿನ ಜನರನ್ನು ಕರೆದದ್ದು ಹಾಗೆ. ಓದಿದಾಗ ಈಗಲೂ ಸಂಕಟವಾಗುತ್ತದೆ.

## ಹಲಗೆಯಿಂದ ಕಾಂಕ್ರೀಟಿನವರೆಗೆ

ಗೋಡೆ ಒಂದೇ ದಿನ ಎದ್ದದ್ದಲ್ಲ. ಮೊದಲು, 1952ರಲ್ಲಿ, ಹಳ್ಳದ ಪಕ್ಕ ಆಳೆತ್ತರದ ಮರದ ಹಲಗೆಗಳ ಬೇಲಿ ಬಂತು. ಆಚೆಯವರ ಮುಖ ಈಚೆಯವರಿಗೆ ಕಾಣಬಾರದು ಅಂತ. ಆಮೇಲೆ ಮುಳ್ಳುತಂತಿ. ಕೊನೆಗೆ, 1966ರಲ್ಲಿ, 700 ಮೀಟರ್ ಉದ್ದದ ಕಾಂಕ್ರೀಟ್ ಗೋಡೆ. ಎತ್ತರ 3 ಮೀಟರ್‌ಗಿಂತ ಜಾಸ್ತಿ. ಬರ್ಲಿನ್ ಗೋಡೆ ಬಂದದ್ದು 1961ರ ಆಗಸ್ಟ್‌ನಲ್ಲಿ. ಅದಾಗಿ ಐದು ವರ್ಷಕ್ಕೆ ಈ ಪುಟ್ಟ ಊರಿಗೂ ಗೋಡೆ. ಪಶ್ಚಿಮದ ಕಡೆ ಪಹರೆಗೆ ಬರುತ್ತಿದ್ದ ಅಮೆರಿಕದ ಸೈನಿಕರು ಊರಿಗೆ 'ಪುಟ್ಟ ಬರ್ಲಿನ್' ಅಂತಲೇ ಹೆಸರಿಟ್ಟರು.

1,393 ಕಿಲೋಮೀಟರ್ ಗಡಿಯಲ್ಲಿ ಎಲ್ಲ ಕಡೆ ಗೋಡೆ ಇರಲಿಲ್ಲ. ಹೆಚ್ಚಿನ ಕಡೆ ಇದ್ದದ್ದು ಉಕ್ಕಿನ ಜಾಲರಿ ಬೇಲಿ. ಜಾಲರಿಯ ಕಣ್ಣು ಎಷ್ಟು ಸಣ್ಣ ಅಂದರೆ ಬೆರಳು ತೂರಿಸಿ ಹಿಡಿದು ಹತ್ತಲು ಆಗುವುದಿಲ್ಲ. ಹಾಗಾದರೆ ಇಲ್ಲಿ ಯಾಕೆ ಗೋಡೆ? ಕಾಡಿನಲ್ಲಿ ಜಾಲರಿಯ ಆಚೆ ಮರಗಳಿರುತ್ತವೆ. ಇಲ್ಲಿ ಜಾಲರಿಯ ಆಚೆ ಅತ್ತೆ, ಮಾವ, ಜೊತೆಗೆ ಓದಿದವರು ಇದ್ದರು. ನೋಡುವುದನ್ನೂ ಮಾತಾಡುವುದನ್ನೂ ತಡೆಯಬೇಕಾದರೆ ಜಾಲರಿ ಸಾಲದು. ಮನೆಗಳು ಗಡಿಗೆ ತೀರಾ ಹತ್ತಿರ ಇದ್ದ ಕೆಲವೇ ಕೆಲವು ಕಡೆ ಗೋಡೆ ಕಟ್ಟಿದ್ದು ಇದಕ್ಕೇ.

ಪೂರ್ವದ ಮನೆಯೊಂದರಿಂದ ಹೊರಟು ಪಶ್ಚಿಮದ ಕಡೆಗೆ ನಡೆದಿದ್ದರೆ ಏನೇನು ಎದುರಾಗುತ್ತಿತ್ತು ಅಂತ ಹಂತ ಹಂತವಾಗಿ ನೋಡೋಣ. ಮೊದಲು ಸಿಗುವುದು ಸಿಗ್ನಲ್ ಬೇಲಿ. ಅದರ ತಂತಿಗಳಲ್ಲಿ ಸಣ್ಣ ಪ್ರಮಾಣದ ಕರೆಂಟು. ಮುಟ್ಟಿದವರಿಗೆ ಶಾಕ್ ಹೊಡೆಯುವುದಿಲ್ಲ, ಆದರೆ ಕಾವಲು ಠಾಣೆಯಲ್ಲಿ ಗಂಟೆ ಬಾರಿಸುತ್ತದೆ. ಯಾವ ಜಾಗದಲ್ಲಿ ಅಂತಲೂ ಅಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕಾವಲು ಗೋಪುರ, ಸೈನಿಕರ ಜೀಪು ಓಡಾಡಲು ಕಾಂಕ್ರೀಟ್ ಹಲಗೆ ಹಾಸಿದ ದಾರಿ. ಸೈನಿಕರನ್ನು ಇಬ್ಬಿಬ್ಬರಂತೆ ಕಳಿಸುತ್ತಿದ್ದರು, ಜೋಡಿಯನ್ನು ಬದಲಿಸುತ್ತಲೇ ಇರುತ್ತಿದ್ದರು. ಇಬ್ಬರು ಸ್ನೇಹಿತರಾದರೆ ಸೇರಿ ಓಡಿಹೋಗಬಹುದು ಅನ್ನುವ ಭಯ.

ಆಮೇಲೆ ಬರುವುದು ಹರಗಿದ ಮಣ್ಣಿನ ಪಟ್ಟಿ. ಮೊದಲು 10 ಮೀಟರ್, ಆಮೇಲಿನ ವರ್ಷಗಳಲ್ಲಿ 6 ಮೀಟರ್ ಅಗಲ. ಬಿತ್ತನೆಗೆ ಮೊದಲು ಕುಂಟೆ ಹೊಡೆದ ಹೊಲ ನೋಡಿದ್ದೀರಲ್ಲ, ಹಾಗೆ ನುಣ್ಣಗೆ, ಸಮವಾಗಿ. ಆದರೆ ಇದರಲ್ಲಿ ಯಾರೂ ಬೀಜ ಹಾಕುವುದಿಲ್ಲ. ಯಾರಾದರೂ ಕಾಲಿಟ್ಟರೆ ಹೆಜ್ಜೆ ಗುರುತು ಮೂಡಬೇಕು, ಎತ್ತ ಹೋದರು ಅಂತ ತಿಳಿಯಬೇಕು. ಮಣ್ಣಿನ ಕೆಲಸ ಅಷ್ಟೇ. ಕೊನೆಗೆ ಗೋಡೆ. ರಾತ್ರಿಯಿಡೀ ಅದಕ್ಕೆ ದೀಪದ ಬೆಳಕು.

ಗೋಡೆ ಸರಿಯಾಗಿ ಗಡಿಯ ಮೇಲೆ ಇರಲಿಲ್ಲ, ಪೂರ್ವದ ನೆಲದ ಒಳಗೆ ಒಂದಷ್ಟು ಹಿಂದಕ್ಕೆ ಇತ್ತು. ಕಟ್ಟುವವರು, ರಿಪೇರಿ ಮಾಡುವವರು ಎರಡೂ ಬದಿಗೆ ಓಡಾಡಬೇಕಲ್ಲ, ಅದಕ್ಕೆ. ಹಾಗಾಗಿ ಪಶ್ಚಿಮದವರು ಗೋಡೆಯ ತನಕ ನಡೆದು ಬಂದು ಮುಟ್ಟಿದರೂ ಆಗಲೇ ಬೇರೆ ದೇಶದೊಳಗೆ ಕಾಲಿಟ್ಟ ಹಾಗೆ. ಗೋಡೆಗಿಂತ ಮೊದಲೇ 'ನಿಲ್ಲಿ, ಇಲ್ಲಿ ಗಡಿ' ಅನ್ನುವ ಫಲಕ ಹಾಕಿದ್ದು ಅದೇ ಕಾರಣಕ್ಕೆ.

## ಕೈ ಬೀಸಿದರೂ ತಪ್ಪು

ಪಶ್ಚಿಮದ ದಡದಲ್ಲಿ ನಿಂತವರು ಕೈ ಬೀಸಬಹುದಿತ್ತು, ಕೂಗಿ ಮಾತಾಡಿಸಬಹುದಿತ್ತು. ಪೂರ್ವದವರು ಉತ್ತರ ಕೊಡುವಂತಿರಲಿಲ್ಲ. ಕೈ ಬೀಸುವುದು, ನಮಸ್ಕಾರ ಹೇಳುವುದು ಎರಡಕ್ಕೂ ನಿಷೇಧ. ಒಂದು ಸಲ ಯೋಚಿಸಿ ನೋಡಿ. ಆಚೆ ಮನೆಯ ಹೊಗೆ ಕಾಣುತ್ತದೆ, ಅಲ್ಲಿನ ನಾಯಿ ಬೊಗಳುವುದು ಕೇಳುತ್ತದೆ. ನಿಮ್ಮ ಹೆಸರು ಹಿಡಿದು ಯಾರೋ ಕೂಗುತ್ತಾರೆ. ನೀವು ಕೇಳಿಸದ ಹಾಗೆ ಒಳಗೆ ಹೋಗಬೇಕು.

ಪೂರ್ವದ ದಡಕ್ಕೆ ಸುಮ್ನೆ ಯಾರೂ ಬರುವ ಹಾಗಿರಲಿಲ್ಲ. ಹುಟ್ಟುಹಬ್ಬಕ್ಕೋ ಮದುವೆಗೋ ನೆಂಟರನ್ನು ಕರೆಯಬೇಕಾದರೂ ಮೊದಲೇ ಅರ್ಜಿ ಹಾಕಿ ಪಾಸ್ ಪಡೆಯಬೇಕು. 1973ರಿಂದ ಗಡಿ ಜಿಲ್ಲೆಗಳ ಪಶ್ಚಿಮದವರಿಗೆ ಪೂರ್ವದ ಗಡಿ ಜಿಲ್ಲೆಗಳಿಗೆ ಹೋಗಿ ಬರಲು ಒಂದು ಅವಕಾಶ ಸಿಕ್ಕಿತು. ದೂರದ ಗಡಿ ಠಾಣೆಗೆ ಸುತ್ತಿ ಹೋಗಬೇಕು. ಹಾಗೆ ಹೋದರೂ 5 ಕಿಲೋಮೀಟರ್ ನಿರ್ಬಂಧಿತ ವಲಯದೊಳಗೆ ಪ್ರವೇಶ ಇಲ್ಲ. ಮೊಡ್ಲಾರಾಯ್ಟ್‌ನ ಪಶ್ಚಿಮದವರು ಪೂರ್ವ ಜರ್ಮನಿಯ ಬೇರೆ ಪಟ್ಟಣ ನೋಡಬಹುದಿತ್ತು, ತಮ್ಮದೇ ಊರಿನ ಇನ್ನೊಂದು ಅರ್ಧವನ್ನು ನೋಡುವಂತಿರಲಿಲ್ಲ.

ಗೋಡೆ ದಾಟಿದವರೂ ಇದ್ದಾರೆ. 1973ರ ಮೇ ತಿಂಗಳಲ್ಲಿ, ಗಡಿ ವಲಯಕ್ಕೆ ಬರಲು ಪಾಸ್ ಇದ್ದ ಒಬ್ಬ ಚಾಲಕ ತಾನೇ ಮಾಡಿಕೊಂಡ ಏಣಿ ಹಾಕಿ ಗೋಡೆ ಹತ್ತಿ ಪಶ್ಚಿಮಕ್ಕೆ ಹಾರಿದ.

ಪಶ್ಚಿಮದ ದಡಕ್ಕೆ ಬಸ್ಸುಗಳಲ್ಲಿ ಜನ ಬಂದು ಗೋಡೆ ನೋಡಿ ಹೋಗುತ್ತಿದ್ದರು. 1983ರ ಫೆಬ್ರವರಿಯಲ್ಲಿ ಆಗಿನ ಅಮೆರಿಕ ಉಪಾಧ್ಯಕ್ಷ ಜಾರ್ಜ್ ಬುಷ್ ಬಂದಿದ್ದರು. ಮುಂದೆ ಅಧ್ಯಕ್ಷರಾದ ಹಿರಿಯ ಬುಷ್ ಅವರೇ.

## ಗೋಡೆ ಬಿದ್ದ ದಿನ, ಅದೇ ದಿನ ಇನ್ನೊಂದು ಕೆಲಸ

1989ರ ಶರತ್ಕಾಲದಲ್ಲಿ ಈ ಸೀಮೆಯಲ್ಲಿ ಗಾಳಿ ಬದಲಾಗತೊಡಗಿತು. ಪೂರ್ವ ಜರ್ಮನಿಯ ಸಾವಿರಾರು ಜನ ಪ್ರಾಗ್ ನಗರದಲ್ಲಿದ್ದ ಪಶ್ಚಿಮ ಜರ್ಮನಿಯ ರಾಯಭಾರ ಕಚೇರಿಯೊಳಗೆ ನುಗ್ಗಿ ಆಶ್ರಯ ಕೇಳಿದ್ದರು. ಅವರನ್ನು ಹೊತ್ತ ಮೊದಲ ರೈಲುಗಳು ಅಕ್ಟೋಬರ್ 1ರಂದು ಬಂದು ನಿಂತದ್ದು ಹೋಫ್ ನಿಲ್ದಾಣದಲ್ಲಿ, ಮೊಡ್ಲಾರಾಯ್ಟ್‌ನ ನೆರೆಯಲ್ಲೇ.

ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಆದರೆ ಮೊಡ್ಲಾರಾಯ್ಟ್‌ನ ಗೋಡೆ ಮಾರನೆಯ ದಿನವೂ ನಿಂತೇ ಇತ್ತು, ಅದರ ಮರುವಾರವೂ ನಿಂತೇ ಇತ್ತು. ಇಲ್ಲಿ ದಾಟುವ ಠಾಣೆಯೇ ಇರಲಿಲ್ಲವಲ್ಲ, ತೆರೆಯಲು ಗೇಟು ಎಲ್ಲಿಂದ ಬರಬೇಕು? ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಗೋಡೆಯಲ್ಲಿ ದಾರಿ ಬಿಡಿಸಿ ನಡೆದು ಹೋಗುವವರಿಗೆ ಬಿಟ್ಟುಕೊಟ್ಟರು. 37 ವರ್ಷಗಳ ಬಳಿಕ ಊರಿನವರು ಹಳ್ಳ ದಾಟಿದರು.

ಅದೇ ಡಿಸೆಂಬರ್ 9ರಂದು ಹೋಫ್‌ನಲ್ಲಿ ಇನ್ನೊಂದು ಸಭೆ ನಡೆಯುತ್ತಿತ್ತು. ಎರಡೂ ಜರ್ಮನಿಯ ಸುಮಾರು 400 ಪರಿಸರ ಕಾರ್ಯಕರ್ತರು ಸೇರಿದ್ದರು. ಗಡಿ ಪಟ್ಟಿಯ ಬಹುಭಾಗದಲ್ಲಿ ದಶಕಗಳ ಕಾಲ ಯಾರೂ ಬೇಸಾಯ ಮಾಡಿರಲಿಲ್ಲ, ಮನೆ ಕಟ್ಟಿರಲಿಲ್ಲ. ಬೇರೆ ಕಡೆ ಕಾಣೆಯಾಗುತ್ತಿದ್ದ ಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತಿದ್ದವು. ಪಶ್ಚಿಮದ ಪಕ್ಷಿವೀಕ್ಷಕರು ಎಪ್ಪತ್ತರ ದಶಕದಿಂದಲೇ ದೂರದಲ್ಲಿ ನಿಂತು ದುರ್ಬೀನಿನಲ್ಲಿ ಅವನ್ನು ಲೆಕ್ಕ ಹಾಕಿಟ್ಟಿದ್ದರು. ಗೋಡೆ, ಬೇಲಿ ಹೋಗಲಿ, ಆದರೆ ಆ ಹಸಿರು ಪಟ್ಟಿಯನ್ನು ಉಳಿಸಿ ಅಂತ ಸಭೆ ನಿರ್ಣಯ ಮಾಡಿತು. ಇಂದು ಜರ್ಮನಿಯ ಉದ್ದಕ್ಕೂ ಇರುವ 'ಹಸಿರು ಪಟ್ಟಿ' ಶುರುವಾದದ್ದು ಹಾಗೆ. ಗೋಡೆಯಲ್ಲಿ ದಾರಿ ಬಿಟ್ಟ ದಿನವೇ ಗಡಿಯ ಗಿಡಮರಗಳ ಬಗ್ಗೆ ಯೋಚಿಸುವವರೂ ಇದ್ದರು ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ.

1990ರ ಜೂನ್ 17ರಂದು ಯಂತ್ರ ತರಿಸಿ ಗೋಡೆ ಕೆಡವಿದರು. ಅಕ್ಟೋಬರ್ 3ಕ್ಕೆ ಎರಡೂ ದೇಶ ಒಂದಾದವು.

## ಇಂದು ಹೋದರೆ ನೋಡಲು ಏನಿದೆ?

ಗೋಡೆ ಪೂರ್ತಿ ಹೋಗಲಿಲ್ಲ. ಸುಮಾರು 100 ಮೀಟರ್ ಉಳಿಸಿಕೊಂಡರು. ಕೆಡವಿ ಕಣ್ಣಿಂದ ದೂರ ಮಾಡಬೇಕು ಅನ್ನುವ ಆಸೆ ಊರಿನವರಿಗೆ ಇದ್ದೇ ಇರುತ್ತದೆ, ಸಹಜ. ಆದರೆ ಎಲ್ಲ ಹೋದರೆ ಮುಂದಿನವರಿಗೆ ತೋರಿಸಲು ಏನೂ ಇರುವುದಿಲ್ಲ ಅಂತ ಕೆಲವರು 1990ರಲ್ಲೇ ಮ್ಯೂಸಿಯಂ ಕೆಲಸ ಶುರು ಮಾಡಿದರು. ಬರ್ಲಿನ್‌ನಲ್ಲಿ ಗೋಡೆಯ ತುಂಡುಗಳು ನಗರದ ನಡುವೆ ಬಿಡಿಬಿಡಿಯಾಗಿ ಸಿಗುತ್ತವೆ. ಇಲ್ಲಿ ಗೋಡೆ, ಗೋಪುರ, ಜಾಲರಿ, ಸಿಗ್ನಲ್ ಬೇಲಿ, ಕಪ್ಪು-ಕೆಂಪು-ಚಿನ್ನದ ಪಟ್ಟೆಯ ಗಡಿ ಕಂಬ ಎಲ್ಲ ಒಟ್ಟಿಗೆ, ಬಯಲಿನಲ್ಲಿ, ಮನೆಗಳ ಪಕ್ಕದಲ್ಲೇ ಇವೆ. ಗಡಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ನಡೆದು ನೋಡಿದರೇ ತಿಳಿಯುವಂತಿದೆ.

ಹೋದವರು ಗೋಡೆಯ ಫೋಟೊ ತೆಗೆದು ವಾಪಸ್ ಬಂದುಬಿಡಬೇಡಿ. ಹಳ್ಳದ ಪಕ್ಕ ಬಗ್ಗಿ ಹುಡುಕಿ. ಮೊಣಕಾಲೆತ್ತರದ ಹಳೆಯ ಕಲ್ಲು, ಮೇಲೆಲ್ಲ ಪಾಚಿ. ಕೈಯಿಂದ ಉಜ್ಜಿದರೆ ಅಕ್ಷರ ಸಿಗುತ್ತದೆ. ನೆಪೋಲಿಯನ್ ಕಾಲದ ಬಾಂದು ಕಲ್ಲು. ಅದು ಮತ್ತು ಗೋಡೆ ಎರಡೂ ಒಂದೇ ಗಡಿಯನ್ನು ಹೇಳುತ್ತವೆ. ಕಲ್ಲಿನ ಪಕ್ಕದಲ್ಲೇ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

## ಗಡಿ ಇನ್ನೂ ಇದೆಯೇ?

ಇದೆ. ದೇಶ ಒಂದಾದರೂ ಬವೇರಿಯಾ ಮತ್ತು ಥುರಿಂಗಿಯಾ ಬೇರೆ ಬೇರೆ ರಾಜ್ಯಗಳಾಗಿಯೇ ಉಳಿದವು. ಗೆರೆ ಮತ್ತೆ 1945ಕ್ಕೆ ಮೊದಲಿನ ಹಾಗೆ ಆಯಿತು. ಹಳ್ಳದ ಒಂದು ದಡ ಟೋಪನ್ ಪಂಚಾಯ್ತಿಗೆ ಸೇರಿದ್ದು, ಇನ್ನೊಂದು ದಡ ಗೆಫೆಲ್ ಎಂಬ ಪಟ್ಟಣಕ್ಕೆ. ಊರು ಒಂದು, ಮೇಯರ್ ಇಬ್ಬರು. ಪಿನ್ ಕೋಡ್ ಒಂದು ಕಡೆ 95183, ಇನ್ನೊಂದು ಕಡೆ 07926. ಲ್ಯಾಂಡ್‌ಲೈನ್ ಫೋನಿನ ಎಸ್‌ಟಿಡಿ ಕೋಡೂ ಬೇರೆ. ಕಾರಿನ ನಂಬರ್ ಪ್ಲೇಟಿನಲ್ಲಿ ಈ ದಡದವರದ್ದು 'ಎಚ್‌ಒ', ಆ ದಡದವರದ್ದು 'ಎಸ್‌ಒಕೆ'. ಬವೇರಿಯಾ ಕಡೆ ಎದುರು ಸಿಕ್ಕವರಿಗೆ 'ಗ್ರೂಸ್ ಗಾಟ್' ಅನ್ನುತ್ತಾರೆ, ದೇವರು ಹರಸಲಿ ಅಂತ. ಥುರಿಂಗಿಯಾ ಕಡೆ 'ಗುಟೆನ್ ಟಾಗ್', ಶುಭದಿನ.

ರಜೆಗಳೂ ಬೇರೆ. ಅಕ್ಟೋಬರ್ 31 ಮಾರ್ಟಿನ್ ಲೂಥರ್ ಕ್ರೈಸ್ತ ಧರ್ಮದಲ್ಲಿ ತಂದ ಸುಧಾರಣೆಯ ನೆನಪಿನ ದಿನ, ಅಂದು ಥುರಿಂಗಿಯಾದಲ್ಲಿ ರಜೆ, ಬವೇರಿಯಾದಲ್ಲಿ ಇಲ್ಲ. ಮರುದಿನ ನವೆಂಬರ್ 1 ಸಂತರ ದಿನ, ಅಂದು ಬವೇರಿಯಾದಲ್ಲಿ ರಜೆ, ಥುರಿಂಗಿಯಾದಲ್ಲಿ ಇಲ್ಲ. ಮೊದಲ ದಿನ ಆ ದಡದವರು ಮನೆಯಲ್ಲಿ ಇರುತ್ತಾರೆ, ಈ ದಡದವರು ಕೆಲಸಕ್ಕೆ ಹೊರಡುತ್ತಾರೆ. ಮರುದಿನ ಅದಲು ಬದಲು. ಬೇಕಾದವರು ಕೈ ಬೀಸಬಹುದು.